ದಿನಾಂಕ ಗೊತ್ತಿಲ್ಲ, ತಯಾರಿ ಗೊತ್ತಿರಲಿ
‘ಏನೂ ಆಗಲ್ಲ ಬಿಡು’ ಎಂಬ ಸಮಾಧಾನದಿಂದ ಗರ್ಭಿಣಿಯ ಭಯ ಕಡಿಮೆಯಾಗುವುದಿಲ್ಲ, ಅವಳ ಬಾಯಿ ಮುಚ್ಚುತ್ತದೆ ಅಷ್ಟೆ. ಏಳು ತಿಂಗಳ ಬಸುರಿ ಅಕ್ಕನಿಗೆ ಅವಧಿಗೆ ಮುನ್ನ ಹೆರಿಗೆಯಾಗಬಹುದು ಎಂದಿದ್ದಾರೆ ವೈದ್ಯರು. ಯಾವಾಗ? ಯಾರಿಗೂ ಗೊತ್ತಿಲ್ಲ. ಟೈಮ್ ಟೇಬಲ್ ಬರದಿದ್ದರೂ ನಾವು ಪರೀಕ್ಷೆಗೆ ಓದುತ್ತೇವಲ್ಲ, ಇಲ್ಲೂ ಧೈರ್ಯ ಬರುವುದು ತಯಾರಿಯಿಂದಲೇ.

37 ವಾರ ತುಂಬುವ ಮೊದಲೇ ನೀರು ಹೋದರೆ, ರಕ್ತಸ್ರಾವವಾದರೆ, ಬಿಟ್ಟುಬಿಟ್ಟು ಹೊಟ್ಟೆ–ಸೊಂಟ ನೋವು ಬಂದರೆ ತಡಮಾಡದೆ ಹೊರಡಬೇಕು. ಬೇಗ ತಲುಪಿದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಚುಚ್ಚುಮದ್ದು ಕೊಡಲು ವೈದ್ಯರಿಗೆ ಸಮಯ ಸಿಗುತ್ತದೆ. ತಾಯಿ ಕಾರ್ಡ್ ಕೈಗೆ ಸಿಗುವಂತಿರಲಿ. ನವಜಾತ ಶಿಶು ಘಟಕವಿರುವ ಆಸ್ಪತ್ರೆ ಯಾವುದು, 108ಕ್ಕೆ ಕರೆ ಮಾಡುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಲಿ.

ಗೆಳೆಯರೇ, ‘ಇದು ಹೆಂಗಸರ ವಿಷಯ’ ಎಂದು ಎದ್ದು ಹೋಗಬೇಡಿ. ಅವಳ ಭಯವನ್ನು ಕೂತು ಕೇಳಿಸಿಕೊಳ್ಳುವುದೂ ತಯಾರಿಯೇ.