ಗೆರೆಗೆ ಅಂಜುವ ಅಧಿಕಾರ

ಭಾಷಣಕ್ಕೆ ಪ್ರತಿಯಾಗಿ ಭಾಷಣ ಮಾಡಬಹುದು. ಸಂಪಾದಕೀಯಕ್ಕೆ ಸ್ಪಷ್ಟೀಕರಣ ನೀಡಬಹುದು. ಆದರೆ ನಾಲ್ಕು ಗೆರೆಗಳ ವ್ಯಂಗ್ಯಚಿತ್ರಕ್ಕೆ ಉತ್ತರವೇನು? ಜನರು ನಕ್ಕ ಮೇಲೆ ಅಧಿಕಾರಸ್ಥರ ಗಾಂಭೀರ್ಯ ಮರಳಿ ಬರುವುದಿಲ್ಲ. ಆದ್ದರಿಂದಲೇ ಪ್ರಭುತ್ವವು ಲೇಖನಕ್ಕಿಂತ ಗೆರೆಗೆ ಹೆಚ್ಚು ಅಂಜುತ್ತದೆ.

ಈ ಕಲೆಗೆ ಬೆಂಗಳೂರಿನಲ್ಲಿ ಹಿರಿದಾದ ಪರಂಪರೆಯಿದೆ. ಮೆಜೆಸ್ಟಿಕ್ ಪರಿಸರದಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. 'ರಾಶಿ' ಎಂಬ ಕಾವ್ಯನಾಮದ ಈ ವೈದ್ಯರು ರೋಗಿಗಳ ನಾಡಿಯೊಂದಿಗೆ ಸಮಾಜದ ನಾಡಿಯನ್ನೂ ಹಿಡಿದರು. ಮೈಸೂರಿನ ತರುಣ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳಿಗೆ ಅವರು ಪ್ರೋತ್ಸಾಹ ನೀಡಿದರು. ಆ ತರುಣನೇ ಮುಂದೆ ಮುಂಬಯಿಗೆ ತೆರಳಿ 'ಶ್ರೀಸಾಮಾನ್ಯ'ನನ್ನು ದೇಶದ ಮುಂದಿಟ್ಟರು.

ತರುವಾಯ 'ಡೆಕ್ಕನ್ ಹೆರಾಲ್ಡ್'ನಲ್ಲಿ ಬಿ.ವಿ. ರಾಮಮೂರ್ತಿಯವರ 'ಮಿಸ್ಟರ್ ಸಿಟಿಜನ್' ನಗರದ ಮನೆಮಾತಾದನು. ಗಂಡಸರದೇ ಎನಿಸಿದ್ದ ಈ ಕ್ಷೇತ್ರವನ್ನು 2001ರಲ್ಲಿ ನಿಧನರಾದ ಮಾಯಾ ಕಾಮತ್ ಧೈರ್ಯದಿಂದ ಪ್ರವೇಶಿಸಿದರು. 'ಪ್ರಜಾವಾಣಿ'ಯಲ್ಲಿ ದೀರ್ಘಕಾಲ ದುಡಿದ ಪಿ. ಮಹಮ್ಮದ್ ಅವರನ್ನು ಕನ್ನಡಿಗರು ಮೆಚ್ಚಿದ್ದು ಅವರ ಗೆರೆಯ ಮೊನಚಿಗಾಗಿ. ಇವರೆಲ್ಲರ ಹಿಂದೆ ಒಂದು ಪತ್ರಿಕೆ, ಒಂದು ಸಂಬಳ ಮತ್ತು ದೂರು ಬಂದಾಗ ಎದುರು ನಿಲ್ಲಬಲ್ಲ ಒಬ್ಬ ಸಂಪಾದಕರಿದ್ದರು ಎಂಬುದನ್ನು ಮರೆಯಲಾಗದು.

ಇಂದು ಈ ಆಸರೆಯೇ ಕುಸಿಯುತ್ತಿದೆ. ಟ್ರಿನಿಟಿ ವೃತ್ತದ ಬಳಿ 2007ರಲ್ಲಿ ವ್ಯಂಗ್ಯಚಿತ್ರಗಳಿಗೆಂದೇ ಒಂದು ಗ್ಯಾಲರಿ ತೆರೆಯಿತು. ಅದು ಸಂತೋಷದ ಸಂಗತಿ. ಆದರೆ ಗೋಡೆಯ ಮೇಲೆ ಗೌರವ ಪಡೆದ ಕಲೆಯು ಪತ್ರಿಕೆಯ ಪುಟದಲ್ಲಿ ಜಾಗ ಕಳೆದುಕೊಂಡರೆ ಪ್ರಯೋಜನವೇನು? ಮೊಬೈಲ್ ಪರದೆಯು ಕಲಾವಿದನಿಗೆ ಲಕ್ಷಾಂತರ ನೋಡುಗರನ್ನು ಕೊಡಬಹುದು; ಸಂಬಳವನ್ನಾಗಲಿ ರಕ್ಷಣೆಯನ್ನಾಗಲಿ ಕೊಡದು. ಪರದೆಯ ಮೇಲಿನ ಚಿತ್ರವನ್ನು ಅಳಿಸುವುದೂ ಸುಲಭ. ನೆರೆಯ ತಮಿಳುನಾಡಿನ 'ವಿಕಟನ್' ಸಂಸ್ಥೆಯು 2025ರ ಫೆಬ್ರವರಿಯಲ್ಲಿ ಪ್ರಧಾನಿಯನ್ನು ಸಂಕೋಲೆಯಲ್ಲಿ ತೋರಿಸಿದ ಚಿತ್ರ ಪ್ರಕಟಿಸಿದಾಗ ಅದರ ಇಡೀ ಜಾಲತಾಣಕ್ಕೇ ತಡೆ ಬಿತ್ತು. ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಡೆ ತೆರವಿಗೆ ಸೂಚಿಸಿದ್ದು, ಆ ಚಿತ್ರವನ್ನು ತೆಗೆದಿಡಬೇಕೆಂಬ ಷರತ್ತಿನೊಂದಿಗೆ. ಬೆಂಗಳೂರಿನ ಕಲಾವಿದರಿಗೂ ಇದೊಂದು ಎಚ್ಚರಿಕೆಯೇ ಸರಿ.

ಇಲ್ಲಿ ಓದುಗರ ಹೊಣೆಯೂ ಇದೆ. ವ್ಯಂಗ್ಯಚಿತ್ರವನ್ನು ಅಳೆಯಲು ನಮ್ಮಲ್ಲಿ ಒಂದೇ ತಕ್ಕಡಿ ಇರಬೇಕು: ಅದು ಬಲಿಷ್ಠನನ್ನು ಚುಚ್ಚುತ್ತಿದೆಯೇ, ದುರ್ಬಲನನ್ನು ತುಳಿಯುತ್ತಿದೆಯೇ? ಟೋಪಿ ಮತ್ತು ಗಡ್ಡವನ್ನು ಬರೆದು ಇಡೀ ಸಮುದಾಯವನ್ನು ಅಪರಾಧಿಯನ್ನಾಗಿಸುವ ಚಿತ್ರ ವಿಡಂಬನೆಯಲ್ಲ, ಅಪಪ್ರಚಾರ. ಅದನ್ನು ಖಂಡಿಸುವ ಹಕ್ಕು ನಮಗಿದೆ. ಪತ್ರ ಬರೆದು, ವಾದಿಸಿ, ಕಾನೂನಿನ ದಾರಿಯಲ್ಲಿ ಖಂಡಿಸಬೇಕು. ಆದರೆ ನಮ್ಮದೇ ನಾಯಕರ ಹುಳುಕನ್ನು ತೋರಿದ ಚಿತ್ರಕ್ಕೆ ಸಮುದಾಯದ ಅವಮಾನವೆಂಬ ಹಣೆಪಟ್ಟಿ ಹಚ್ಚಿದರೆ, ನಾವೂ ಪ್ರಭುತ್ವದ ಸಾಲಿನಲ್ಲಿಯೇ ನಿಂತಂತಾಗುತ್ತದೆ.

ಮನೆಗೆ ಪತ್ರಿಕೆ ತರಿಸುವಾಗ ಅದರಲ್ಲಿ ನಿರ್ಭೀತ ಗೆರೆಯೊಂದು ಇದೆಯೇ ಎಂದು ನೋಡೋಣ. ಇದ್ದರೆ ಸಂಪಾದಕರಿಗೆ ಮೆಚ್ಚುಗೆಯ ನಾಲ್ಕು ಸಾಲು ಬರೆಯೋಣ. ದೂರು ನೀಡುವವರ ದನಿ ಮಾತ್ರ ಕೇಳಿಸುವ ಕಚೇರಿಯಲ್ಲಿ ಯಾವ ಸಂಪಾದಕರೂ ಬಹುಕಾಲ ಗಟ್ಟಿಯಾಗಿ ನಿಲ್ಲಲಾರರು.