ಯಂತ್ರಮಾನವನ ಕೈಗೊಂದು ಕತ್ತಿ

ಬೀದರ ಕೋಟೆಯ ಬುರುಜುಗಳ ಮೇಲೆ ಹಳೆಯ ತೋಪುಗಳು ಇನ್ನೂ ಮಲಗಿವೆ. ರಜೆಯಲ್ಲಿ ಭಾಲ್ಕಿಯಿಂದಲೋ ಔರಾದದಿಂದಲೋ ಬಂದ ಹುಡುಗರು ಅವುಗಳ ಬೆನ್ನೇರಲು ಹವಣಿಸುವುದೂ ತಾಯಂದಿರು ಗದರುವುದೂ ಉಂಟು. ಆಯುಧದ ಮೋಹ ಬಾಲ್ಯಕ್ಕೆ ಹೊಸದಲ್ಲವಷ್ಟೆ.

ಈ ಮೋಹಕ್ಕೆ ಜಪಾನು ಬೇರೊಂದು ರೂಪವನ್ನಿತ್ತಿದೆ. 1979ರಲ್ಲಿ ಅಲ್ಲಿಯ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡ ಗಂಡಮ್ ಎಂಬ ಯಂತ್ರಮಾನವನು ಮರುವರ್ಷವೇ ಬಂಡಾಯ್ ಕಂಪನಿಯ ಪ್ಲಾಸ್ಟಿಕ್ ತುಣುಕುಗಳಾಗಿ ಅಂಗಡಿಗೆ ಇಳಿದನು. ಕಥೆಯಲ್ಲಿ ಅವನ ಎತ್ತರ 18 ಮೀಟರು. 144ರಲ್ಲೊಂದು ಪಾಲಿನ ಬೊಂಬೆಯಲ್ಲಿ 12.5 ಸೆಂಟಿಮೀಟರು. ಇಂತಹ ಬೊಂಬೆಗಳಿಗಾಗಿ ಕತ್ತಿ, ಕೊಡಲಿ, ಬಂದೂಕುಗಳನ್ನಷ್ಟೇ ತುಂಬಿದ ಪೆಟ್ಟಿಗೆಗಳನ್ನು ಕೊಟೊಬುಕಿಯ ಮೊದಲಾದ ಕಂಪನಿಗಳು ಪ್ರತ್ಯೇಕವಾಗಿ ಮಾರುತ್ತವೆ. ಗುಟ್ಟೆಲ್ಲ 3 ಮಿಲಿಮೀಟರಿನ ಗೂಟದಲ್ಲಿದೆ. ಅದೇ ಅಳತೆಯ ರಂಧ್ರವಿದ್ದರೆ ಒಬ್ಬರ ಕತ್ತಿ ಇನ್ನೊಬ್ಬರ ಬೊಂಬೆಗೆ ಒಪ್ಪುತ್ತದೆ. ಆದರೆ ಭಾರದ ಬಂದೂಕು ಹಿಡಿಸಿದರೆ ತೋಳು ಜೋತುಬೀಳುವುದು. ಬಿಗಿದ ಕೀಲನ್ನು ಬಲವಂತವಾಗಿ ತಿರುಗಿಸಿದರೆ ಮಣಿಕಟ್ಟೇ ಮುರಿದೀತು.

ಬೀದರದ ಕುಶಲಕರ್ಮಿಯು ಈ ಪುಟ್ಟ ಕತ್ತಿಯನ್ನು ಬಿದರಿಯಲ್ಲಿ ಎರಕ ಹೊಯ್ದರೆ ಹೇಗೆ? ಸೊಗಸೇನೋ ಸೊಗಸೇ: ಕೋಟೆಯ ಮಣ್ಣೂ ನವಸಾಗರವೂ ಕೂಡಿ ತಂದ ಕಪ್ಪು, ಅದರೊಳಗೆ ಬೆಳ್ಳಿಯ ಎಳೆ. ಆದರೆ ಬಿದರಿಯ ಮುಖ್ಯ ಲೋಹ ಸತು. ಅದು ಈ ಪ್ಲಾಸ್ಟಿಕ್ಕಿಗಿಂತ ಸುಮಾರು 7 ಪಾಲು ಭಾರ. ವೀರನು ಕತ್ತಿ ಎತ್ತುವ ಮೊದಲೇ ಮುಗ್ಗರಿಸುವನು!

ಅದೇ ಬಿದರಿ ಅವನ ಕಾಲಡಿಯ ಪೀಠವಾದರೆ ಆ ಭಾರವೇ ಗುಣ. ಹಿಂದೆ ನವಾಬರ ಹುಕ್ಕಗಳಿಗೆ ಬುಡ ಮಾಡಿಕೊಟ್ಟ ಕಸುಬು ಇದು. ನವಾಬರು ಈಗಿಲ್ಲ, ಬೊಂಬೆ ಕೊಳ್ಳುವವರಿದ್ದಾರೆ. ಪೀಠದ ನಡುವೆ 3 ಮಿಲಿಮೀಟರಿನ ರಂಧ್ರವೊಂದನ್ನು ಕೊರೆಯಬೇಕು, ಅಷ್ಟೆ.