ನೀರನ್ನು ದೂರಬೇಡಿ, ಲೆಕ್ಕ ಕೇಳಿ

ಗಣಿಗೆ ನೀರು ನುಗ್ಗಿ ಜನ ಸತ್ತಾಗ ನಮ್ಮ ಪತ್ರಿಕೆಗಳ ಬಳಿ ಒಂದು ತಲೆಬರಹ ಸಿದ್ಧವಾಗಿರುತ್ತದೆ: ಜಲಸಮಾಧಿ. ಟೀವಿಯವರ ಬಳಿ ಇನ್ನೆರಡು ಇವೆ: ವಿಧಿಯಾಟ, ಪ್ರಕೃತಿಯ ಮುನಿಸು. ಮೂರರಲ್ಲೂ ಒಂದು ಅನುಕೂಲವಿದೆ. ಮೂರರಲ್ಲೂ ಆರೋಪಿ ನೀರೇ. ನೀರಿಗೆ ನೋಟಿಸ್ ಕೊಡುವಂತಿಲ್ಲ, ನೀರಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ, ನೀರು ಯಾವ ಪತ್ರಿಕೆಗೂ ಜಾಹೀರಾತು ನಿಲ್ಲಿಸುವುದಿಲ್ಲ. ಹಾಗಾಗಿ ಎಲ್ಲರಿಗೂ ನೀರಿನ ಮೇಲೆ ಸಿಟ್ಟು.

ನಮಗೆ ಈ ಸಿಟ್ಟಿನ ಮೇಲೇ ತಕರಾರು. ನೆಲದಡಿಯ ನೀರು ಎಲ್ಲಿದೆ, ಎಷ್ಟಿದೆ, ಎಷ್ಟು ಒತ್ತಡದಲ್ಲಿದೆ ಎಂಬುದನ್ನು ತೋಡುವ ಮೊದಲೇ ತಿಳಿಯಬಹುದು. ತಿಳಿದ ಮೇಲೆ ಅದನ್ನು ತಡೆದು ನಿಲ್ಲಿಸಲೂಬಹುದು. ಹಾಗೆ ತಡೆಯುವ ವಿದ್ಯೆಗಳಲ್ಲಿ ಒಂದು, ನೆಲವನ್ನೇ ಹೆಪ್ಪುಗಟ್ಟಿಸಿ ಶಾಫ್ಟ್ ಇಳಿಸುವುದು. ಇದು ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಗಣಿ ಎಂಜಿನಿಯರ್ ಫ್ರೀಡ್ರಿಶ್ ಹರ್ಮನ್ ಪೋಟ್ಶ್ ಇದಕ್ಕೆ ಪೇಟೆಂಟ್ ಪಡೆದದ್ದು 1883ರಲ್ಲಿ. ಅದೇ ವರ್ಷ ಅಲ್ಲಿನ ಆರ್ಚಿಬಾಲ್ಡ್ ಎಂಬ ಲಿಗ್ನೈಟ್ ಗಣಿಯಲ್ಲಿ ಇದರ ಬಳಕೆಯೂ ಆಯಿತು. ಚೀನಾದಲ್ಲಿ 1955ರಿಂದ ಕಲ್ಲಿದ್ದಲು ಶಾಫ್ಟ್‌ಗಳಿಗೆ ಇದನ್ನೇ ಬಳಸುತ್ತಾ ಬಂದಿದ್ದಾರೆ. ಅಂದರೆ "ಏನೂ ಮಾಡುವಂತಿರಲಿಲ್ಲ" ಎಂಬ ಮಾತು ಸುಳ್ಳಾಗಿ 140 ವರ್ಷ ದಾಟಿದೆ.

ಕನ್ನಡದಲ್ಲಿ ಈ ವಿದ್ಯೆಯ ಬಗ್ಗೆ ಹೆಚ್ಚು ಬರೆದಿಲ್ಲ. ಅದಕ್ಕೆ ಕಾರಣವೂ ಇದೆ. ನಮಗೆ ಗಣಿ ಅಂದರೆ ಕೋಲಾರ. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು ಗಟ್ಟಿ ಬಂಡೆಯಲ್ಲಿ. ಅಲ್ಲಿನ ಶತ್ರು ಒತ್ತಡಕ್ಕೆ ಸಿಡಿಯುವ ಬಂಡೆ ಮತ್ತು ಆಳದ ಸೆಕೆ. ಹೆಪ್ಪುಗಟ್ಟಿಸುವ ಪ್ರಶ್ನೆ ಬರುವುದು ನೆಲ ಸಡಿಲವಾಗಿದ್ದು, ಮರಳಿನ ಕಣಕಣದ ನಡುವೆ ನೀರು ತುಂಬಿಕೊಂಡಿರುವಲ್ಲಿ. ಅಂಥ ಕಡೆ ಗುಂಡಿ ತೋಡಿದರೆ ಮರಳೂ ನೀರೂ ಅಂಬಲಿಯ ಹಾಗೆ ಒಳಗೆ ಹರಿಯುತ್ತವೆ. ಪಂಪು ಹಾಕಿ ಎತ್ತಿದಷ್ಟೂ ಸುತ್ತಲಿನ ನೆಲ ಕುಸಿಯುತ್ತದೆ.

ಕೆಲಸ ನಡೆಯುವುದು ಹೀಗೆ. ಶಾಫ್ಟ್ ಬರಬೇಕಾದ ಜಾಗದ ಸುತ್ತ ವೃತ್ತಾಕಾರವಾಗಿ ಒಂದೊಂದು, ಒಂದೂವರೆ ಮೀಟರಿಗೊಂದರಂತೆ ಬೋರ್ ಕೊರೆಯುತ್ತಾರೆ. ಪ್ರತಿ ಬೋರಿನಲ್ಲೂ ತಳ ಮುಚ್ಚಿದ ಉಕ್ಕಿನ ಕೊಳವೆ, ಅದರೊಳಗೆ ಇನ್ನೊಂದು ಸಣ್ಣ ಕೊಳವೆ. ಮೇಲೆ ಅಮೋನಿಯಾ ಬಳಸುವ ಶೀತಲ ಯಂತ್ರ. ನಮ್ಮ ಊರಿನ ಐಸ್ ಫ್ಯಾಕ್ಟರಿಯಲ್ಲಿರುವ ಯಂತ್ರದ ದೊಡ್ಡಣ್ಣ ಅನ್ನಿ. ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ಉಪ್ಪುನೀರನ್ನು ಸೊನ್ನೆಗಿಂತ ಇಪ್ಪತ್ತೈದು, ಮೂವತ್ತು ಡಿಗ್ರಿ ಕೆಳಗಿಳಿಸಿ ಒಳಗಿನ ಕೊಳವೆಯಲ್ಲಿ ಬಿಡುತ್ತಾರೆ. ಉಪ್ಪಿನಿಂದಾಗಿ ಆ ನೀರು ತಾನು ಗಟ್ಟಿಯಾಗುವುದಿಲ್ಲ. ಅದು ತಳ ಮುಟ್ಟಿ, ಹೊರಗಿನ ಕೊಳವೆಯಲ್ಲಿ ಮೇಲೇರುತ್ತಾ ಸುತ್ತಲಿನ ನೆಲದ ಶಾಖವನ್ನು ಹೀರಿಕೊಂಡು ಬರುತ್ತದೆ. ಮತ್ತೆ ತಣಿಸುವುದು, ಮತ್ತೆ ಇಳಿಸುವುದು. ವಾರಗಟ್ಟಲೆ, ಆಳ ಹೆಚ್ಚಿದ್ದರೆ ತಿಂಗಳುಗಟ್ಟಲೆ ಇದೇ ಕೆಲಸ. ಪ್ರತಿ ಕೊಳವೆಯ ಸುತ್ತ ಐಸಿನ ಕಂಬ ದಪ್ಪವಾಗುತ್ತಾ ಹೋಗಿ, ಅಕ್ಕಪಕ್ಕದ ಕಂಬಗಳು ಕೂಡಿಕೊಂಡು, ಕೊನೆಗೆ ಒಂದು ಉಂಗುರದ ಗೋಡೆಯಾಗುತ್ತದೆ.

ಗೋಡೆ ಕೂಡಿತೋ ಇಲ್ಲವೋ ಎಂದು ತಿಳಿಯುವ ಒಂದು ಉಪಾಯ ಬಹಳ ಚೆನ್ನಾಗಿದೆ. ವೃತ್ತದ ನಡುವೆ ಒಂದು ಬೋರ್ ಬಿಟ್ಟಿರುತ್ತಾರೆ. ನೀರು ಐಸ್ ಆಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗೋಡೆ ಪೂರ್ತಿ ಕೂಡಿದ ಮೇಲೆ ಒಳಗೆ ಸಿಕ್ಕಿಬಿದ್ದ ನೀರಿಗೆ ಹೋಗಲು ಬೇರೆ ದಾರಿಯಿಲ್ಲ. ಅದು ನಡುವಿನ ಬೋರಿನಲ್ಲಿ ಮೇಲೇರುತ್ತದೆ. ಉಷ್ಣಮಾಪಕಗಳೂ ಅದನ್ನೇ ಹೇಳಬೇಕು. ಎರಡೂ ತಾಳೆಯಾದ ಮೇಲಷ್ಟೇ ಮನುಷ್ಯ ಒಳಗೆ ಇಳಿಯುವುದು. ತೋಡಿದಂತೆಲ್ಲ ಕಾಂಕ್ರೀಟು ಇಲ್ಲವೇ ಎರಕದ ಕಬ್ಬಿಣದ ಬಳೆಗಳ ಒಳಗೋಡೆ ಕಟ್ಟುತ್ತಾರೆ. ಅದು ಗಟ್ಟಿಯಾಗಿ ನಿಂತ ಮೇಲೆ ಯಂತ್ರ ನಿಲ್ಲಿಸಿ ಐಸ್ ಕರಗಲು ಬಿಡುತ್ತಾರೆ.

ಇದೆಲ್ಲಕ್ಕಿಂತ ನಮಗೆ ಮುಖ್ಯವೆನಿಸುವುದು ಕೆಲಸದ ಕ್ರಮ. ಮೊದಲು ನೆಲ ಅರಿಯಬೇಕು, ಆಮೇಲೆ ನೀರು ಕಟ್ಟಬೇಕು, ಕಟ್ಟಿದ್ದು ಖಾತ್ರಿಯಾಗಬೇಕು. ಮನುಷ್ಯ ಇಳಿಯುವುದು ಕೊನೆಗೆ. ನಮ್ಮಲ್ಲಿ ಈ ಕ್ರಮ ತಿರುಗುಮುರುಗು. ಮೊದಲು ಮನುಷ್ಯ ಇಳಿಯುತ್ತಾನೆ. ನೀರು ಎಲ್ಲಿದೆ ಎಂದು ಅವನ ಹೆಣ ಹೇಳುತ್ತದೆ.

"ಇದೆಲ್ಲ ಶ್ರೀಮಂತ ದೇಶಗಳ ಕಥೆ, ನಮಗೇನು?" ಎಂದು ಕೇಳುವವರಿಗೆ ನಮ್ಮ ಸೊಸೈಟಿಗಳ ಗೊಬ್ಬರದ ಗೋದಾಮು ತೋರಿಸುತ್ತೇವೆ. ಕಬ್ಬಿಗೆ, ಬಾಳೆಗೆ, ಅಡಿಕೆಗೆ ನಮ್ಮ ರೈತರು ಹಾಕುವ ಎಂಒಪಿ, ಅಂದರೆ ಪೊಟ್ಯಾಷ್, ಪೂರ್ತಿ ಆಮದು. ಬಿಳಿಯದು ಜೋರ್ಡಾನ್, ಇಸ್ರೇಲ್‌ಗಳ ಮೃತ ಸಮುದ್ರದ ನೀರು ಒಣಗಿಸಿ ತೆಗೆದದ್ದು. ಕಬ್ಬಿಣದ ಅಂಶದಿಂದ ಕೆಂಪಗಿರುವುದು ಗಣಿಯದು. ಕೆನಡಾ, ರಷ್ಯಾ, ಬೆಲಾರುಸ್ ಕಡೆಯಿಂದ ಬರುತ್ತದೆ. ಕೆನಡಾದ ಪೊಟ್ಯಾಷ್ ಸಿಗುವುದು ಸಸ್ಕ್ಯಾಚುವಾನ್ ಎಂಬ ಪ್ರಾಂತ್ಯದಲ್ಲಿ, ನೆಲದಿಂದ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ. ಅದನ್ನು ಮುಟ್ಟಬೇಕಾದರೆ ನಡುವೆ ಬ್ಲೇರ್‌ಮೋರ್ ಎಂಬ, ನೀರು ತುಂಬಿದ ಮರಳಿನ ಪದರ ದಾಟಬೇಕು. ಪ್ರತಿ 10 ಮೀಟರ್ ನೀರಿಗೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕೆಜಿ ಒತ್ತಡ ಎಂಬ ಲೆಕ್ಕ ಹಿಡಿದರೆ, 400 ಮೀಟರ್ ಆಳದ ನೀರು ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು 40 ಕೆಜಿಯಿಂದ ಒತ್ತುತ್ತದೆ.

ಅಲ್ಲಿಯ ಕಂಪನಿಗಳೇನು ಹುಟ್ಟಾ ಧರ್ಮರಾಯರಲ್ಲ. 1950ರ ದಶಕದಲ್ಲಿ ಯೂನಿಟಿ ಎಂಬ ಊರಿನ ಬಳಿ ಇಳಿಸುತ್ತಿದ್ದ ಶಾಫ್ಟ್ ನೀರಿನ ಪಾಲಾಗಿ ಕೆಲಸವನ್ನೇ ಕೈಬಿಟ್ಟರು. ಸಸ್ಕಟೂನ್ ಹತ್ತಿರದ ಪೇಷನ್ಸ್ ಲೇಕ್ ಗಣಿ 1958ರಲ್ಲಿ ಉತ್ಪಾದನೆ ಶುರು ಮಾಡಿ, ಶಾಫ್ಟ್‌ಗೆ ನೀರು ಸೋರಿ ಮರುವರ್ಷವೇ ನಿಂತಿತು. ಮತ್ತೆ ಶುರುವಾದದ್ದು 1965ರಲ್ಲಿ. ಎಸ್ಟರ್‌ಹೇಜಿಯಲ್ಲಿ 1957ರಲ್ಲಿ ಆರಂಭಿಸಿದವರು ಬ್ಲೇರ್‌ಮೋರ್ ಪದರವನ್ನು ಹೆಪ್ಪುಗಟ್ಟಿಸಿ, ಎರಕದ ಕಬ್ಬಿಣದ ಬಳೆಗಳನ್ನು ಕೂಡಿಸಿ ಇಳಿದರು. ಪೊಟ್ಯಾಷ್ ಮೇಲೆ ಬಂದದ್ದು 1962ರಲ್ಲಿ. ಐದು ವರ್ಷ ಒಂದು ಚೀಲ ಗೊಬ್ಬರವೂ ಮಾರದೆ ಬರೀ ಖರ್ಚು. ಈಚೆಗೆ ಅದೇ ಪ್ರಾಂತ್ಯದ ಜಾನ್ಸೆನ್ ಗಣಿಯಲ್ಲೂ ಬಿಎಚ್‌ಪಿ ಕಂಪನಿ ನೆಲ ಹೆಪ್ಪುಗಟ್ಟಿಸಿಯೇ ಶಾಫ್ಟ್‌ಗಳನ್ನು ಇಳಿಸಿತು. ಅವು ಮುಗಿದದ್ದು 2022ರಲ್ಲಿ.

ಯಾಕೆ ಇಷ್ಟು ತಾಳ್ಮೆ? ನೀರು ನುಗ್ಗಿದರೆ ನಷ್ಟ ಯಾರಿಗೆ ಎಂಬುದು ಅಲ್ಲಿ ಸ್ಪಷ್ಟವಾಗಿತ್ತು. ಮುಳುಗಿದ ಶಾಫ್ಟ್ ಎಂದರೆ ಮಾಲೀಕನ ಮುಳುಗಿದ ಬಂಡವಾಳ. ಅದೇ ಪ್ರಾಂತ್ಯದ ಸಿಗಾರ್ ಲೇಕ್ ಯುರೇನಿಯಂ ಗಣಿ 2006ರ ಅಕ್ಟೋಬರಿನಲ್ಲಿ ನೀರು ನುಗ್ಗಿ ಮುಳುಗಿದಾಗ ಯಾರೂ ಸಾಯಲಿಲ್ಲ. ಆದರೆ ಅದಿರು ಉತ್ಪಾದನೆ 2014ರವರೆಗೆ ಆರಂಭವಾಗಲಿಲ್ಲ. ಆ ಅಷ್ಟೂ ವರ್ಷಗಳ ನಷ್ಟ ಹೊತ್ತವರು ಗಣಿಯ ಒಡೆಯರು.

ಈಗ ನಮ್ಮ ಕಡೆ ನೋಡಿ. ಮೇಘಾಲಯದಲ್ಲಿ ಇಲಿಬಿಲದಂಥ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿತ್ತು. 2018ರ ಡಿಸೆಂಬರ್ 13ರಂದು ಪೂರ್ವ ಜೈಂತಿಯಾ ಗುಡ್ಡಗಳ ಕ್ಸಾನ್‌ನಲ್ಲಿ ಅಂಥದೇ ಒಂದು ಗಣಿಗೆ ನೀರು ನುಗ್ಗಿ ಕನಿಷ್ಠ 15 ಮಂದಿ ಒಳಗೆ ಸಿಕ್ಕಿಕೊಂಡರು. 2025ರ ಜನವರಿಯಲ್ಲಿ ಅಸ್ಸಾಂನ ದಿಮಾ ಹಸಾವೊ ಜಿಲ್ಲೆಯ ಉಮ್ರಾಂಗ್ಸೊದಲ್ಲಿ ಅದೇ ಕಥೆ, 9 ಮಂದಿ. ಅಲ್ಲಿ ಗುಂಡಿ ತೋಡಲು ಬೇಕಾದದ್ದು ಗುದ್ದಲಿ, ಕ್ರೇನು, ಸಾಲದಲ್ಲಿ ಸಿಕ್ಕಿಬಿದ್ದ ಕೂಲಿಗಳು. ಒಂದು ಗುಂಡಿ ಮುಳುಗಿದರೆ ಪಕ್ಕದಲ್ಲಿ ಇನ್ನೊಂದು. ಗುಂಡಿ ಅಗ್ಗ, ಆಳು ಅಗ್ಗ. ಇಲ್ಲಿ ನೀರು ತಡೆಯಲು ಯಾರಾದರೂ ಯಾಕೆ ದುಡ್ಡು ಹಾಕುತ್ತಾರೆ?

ಇದು ಕಳ್ಳಗಣಿಗಳ ಪಾಡು ಮಾತ್ರ ಎನ್ನುವಂತಿಲ್ಲ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾದಲ್ಲಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. 'ಕಾಲಾ ಪತ್ಥರ್' ಸಿನಿಮಾಕ್ಕೆ ಪ್ರೇರಣೆಯಾದ ದುರಂತ ಇದೇ. 1995ರ ಸೆಪ್ಟೆಂಬರಿನಲ್ಲಿ ಗಾಸ್ಲಿಟಾಂಡ್‌ನಲ್ಲಿ 64, 2001ರ ಫೆಬ್ರುವರಿಯಲ್ಲಿ ಬಾಗ್ಡಿಗಿಯಲ್ಲಿ 29. ಈ ಮೂರೂ ಲೈಸೆನ್ಸ್ ಇದ್ದ, ಮ್ಯಾನೇಜರ್ ಇದ್ದ, ನಕ್ಷೆ ಇದ್ದ ಗಣಿಗಳು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಚಾಸ್ನಾಲಾಕ್ಕೂ ಬಾಗ್ಡಿಗಿಗೂ ಐಸಿನ ಗೋಡೆ ಔಷಧವಲ್ಲ. ಅಲ್ಲಿ ನುಗ್ಗಿದ್ದು ಪಕ್ಕದ ಹಳೆಯ, ಬಿಟ್ಟುಹೋದ ಗಣಿಗಳಲ್ಲಿ ನಿಂತಿದ್ದ ನೀರು. ಬೇಕಿದ್ದದ್ದು ಸರಿಯಾದ ನಕ್ಷೆ, ಮುಂದೆ ಏನಿದೆ ಎಂದು ನೋಡಲು ಕೊರೆಯುವ ಬೋರು, ನಡುವೆ ಬಿಡಬೇಕಾದ ಬಂಡೆಯ ದಪ್ಪ ತಡೆ. ಗಾಸ್ಲಿಟಾಂಡ್‌ನಲ್ಲಿ ನುಗ್ಗಿದ್ದು ಉಕ್ಕಿದ ಕತ್ರಿ ನದಿ. ಅಲ್ಲಿ ಬೇಕಿದ್ದದ್ದು ಗಟ್ಟಿ ಒಡ್ಡು. ಇವು ನೆಲ ಹೆಪ್ಪುಗಟ್ಟಿಸುವುದಕ್ಕಿಂತ ಎಷ್ಟೋ ಅಗ್ಗದ ಕೆಲಸಗಳು. ಹಾಗಾಗಿ "ನಮ್ಮಂಥ ಬಡ ದೇಶಕ್ಕೆ ಅಂಥ ತಂತ್ರಜ್ಞಾನ ದುಬಾರಿ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಅಗ್ಗದ್ದನ್ನೂ ಮಾಡದವರು ದುಬಾರಿಯ ಮಾತಾಡಬಾರದು.

ಹೆಪ್ಪುಗಟ್ಟಿಸುವುದೇ ಸರ್ವರೋಗಕ್ಕೂ ಮದ್ದು ಎಂದೂ ನಾವು ಹೇಳುತ್ತಿಲ್ಲ. ಅಂತರ್ಜಲ ವೇಗವಾಗಿ ಹರಿಯುವ ಕಡೆ ಐಸ್ ಕೂಡುವುದಿಲ್ಲ, ಹರಿವ ನೀರು ಶಾಖ ತಂದು ಸುರಿಯುತ್ತಲೇ ಇರುತ್ತದೆ. ಒಂದು ಬೋರ್ ಓರೆಯಾದರೂ ಗೋಡೆಯಲ್ಲಿ ಕಿಂಡಿ ಉಳಿಯುತ್ತದೆ. ಕರೆಂಟು ದಿನಗಟ್ಟಲೆ ಕೈಕೊಟ್ಟರೆ ಗೋಡೆ ಕರಗುತ್ತದೆ. ಐಸ್ ಕರಗಿದ ಮೇಲೆ ಒಳಗೋಡೆ ನೀರು ತಡೆಯಲೇಬೇಕು. ಜಪಾನಿನ ಫುಕುಶಿಮಾ ಅಣುಸ್ಥಾವರದ ಸುತ್ತ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, 30 ಮೀಟರ್ ಆಳದ ಐಸ್ ಗೋಡೆ ಕಟ್ಟಲು 2016ರಲ್ಲಿ ನೆಲ ಹೆಪ್ಪುಗಟ್ಟಿಸತೊಡಗಿದರು. ಅದರಿಂದ ಒಳಬರುವ ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ಎಸ್ಟರ್‌ಹೇಜಿಯಲ್ಲೂ ಶಾಫ್ಟ್ ಸುರಕ್ಷಿತವಾಗಿ ಇಳಿದರೂ, 1985ರಿಂದ ಗಣಿಯ ಒಳಗೆ ಬೇರೆ ದಾರಿಯಲ್ಲಿ ಉಪ್ಪುನೀರು ಸೋರತೊಡಗಿತು. ದಶಕಗಳ ಕಾಲ ಪಂಪು ಮಾಡಿದ ಮೇಲೆ 2021ರಲ್ಲಿ ಹಳೆಯ ಎರಡು ಶಾಫ್ಟ್‌ಗಳನ್ನು ಮುಚ್ಚಿದರು. ಗಮನಿಸಿ, ಮುಚ್ಚಿದರು. ಇನ್ನಷ್ಟು ದಿನ ಜನರನ್ನು ಇಳಿಸಿ ನೋಡೋಣ ಎನ್ನಲಿಲ್ಲ.

ನಮ್ಮ ವಾದದ ತಿರುಳು ಇದು: ನೀರನ್ನು ತಡೆಯುವ ಶಕ್ತಿ ಇಲ್ಲದವನಿಗೆ ಅಲ್ಲಿ ತೋಡುವ ಹಕ್ಕೂ ಇಲ್ಲ. ತಡೆಯುವ ಖರ್ಚು ಸೇರಿಸಿದರೆ ಲಾಭವಿಲ್ಲವೆಂದರೆ ಆ ಕಲ್ಲಿದ್ದಲು ನೆಲದಲ್ಲೇ ಇರಲಿ. ಖರ್ಚು ಬಿಟ್ಟು ತೆಗೆದರೆ ಆ ಲಾಭ ಕೂಲಿಯವನ ಜೀವದಿಂದ ಕಡಿತ ಮಾಡಿಕೊಂಡದ್ದು.

ಇದನ್ನು ಜಾರ್ಖಂಡ್, ಮೇಘಾಲಯಗಳಿಗೆ ಬಿಟ್ಟು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಊರುಗಳಲ್ಲಿ ಒಳಚರಂಡಿಗೆ, ನೀರಿನ ಪೈಪಿಗೆ ಆಳದ ಕಾಲುವೆ ತೋಡುವಾಗ ಮಣ್ಣು ಕುಸಿದು ಕೂಲಿಗಳು ಸಾಯುತ್ತಾರೆ. ಸುದ್ದಿ ಒಂದು ಕಾಲಮ್ಮಿನಲ್ಲಿ ಮುಗಿಯುತ್ತದೆ: "ಆಕಸ್ಮಿಕವಾಗಿ ಮಣ್ಣು ಕುಸಿದು". ಮಳೆ ನೆನೆದ ಸಡಿಲ ಮಣ್ಣನ್ನು ನೇರ ಗೋಡೆಯಾಗಿ ಕಡಿದರೆ ಅದು ಕುಸಿಯುವುದು ಆಕಸ್ಮಿಕವಲ್ಲ, ನಿಂತರೆ ಆಕಸ್ಮಿಕ. ಅಗೆತದ ಸುರಕ್ಷತೆಗೆಂದೇ ಐಎಸ್ 3764 ಎಂಬ ರಾಷ್ಟ್ರೀಯ ಮಾನದಂಡವಿದೆ. ಆಳದ ಕಾಲುವೆಗೆ ಹಲಗೆ, ತೊಲೆಗಳ ಆಸರೆ ಕೊಡಬೇಕೆಂದು ಅದು ಹೇಳುತ್ತದೆ. ಇದಕ್ಕೆ ಜರ್ಮನಿಯ ಪೇಟೆಂಟ್ ಬೇಡ, ಅಮೋನಿಯಾ ಬೇಡ. ಕರಾವಳಿಯ ಮರಳು ನೆಲದಲ್ಲಿ ಸಿಮೆಂಟಿನ ರಿಂಗು ಇಳಿಸುತ್ತಾ ಬಾವಿ ತೋಡುವವರಿಗೆ ಈ ತತ್ವ ಚೆನ್ನಾಗಿ ಗೊತ್ತು: ಮೊದಲು ಗೋಡೆ, ಆಮೇಲೆ ಗುಂಡಿ. ಗೊತ್ತಿಲ್ಲದಂತೆ ಇರುವುದು ಬಿಲ್ಲು ಬರೆಯುವವರಿಗೆ.

ಹಾಗಾಗಿ ಪತ್ರಿಕೋದ್ಯಮ ಓದಿ ಹಳ್ಳಿ, ತಾಲ್ಲೂಕುಗಳಿಂದ ಬರೆಯುತ್ತಿರುವ ನಮ್ಮಂಥ ಎಲ್ಲರಿಗೂ ನಮ್ಮ ಮನವಿ. ನೆಲದೊಳಗೆ ಜನ ಸತ್ತ ಜಾಗಕ್ಕೆ ಹೋದಾಗ ಎನ್‌ಡಿಆರ್‌ಎಫ್ ದೋಣಿಯ ಚಿತ್ರ, ತಾಯಂದಿರ ಗೋಳು, ಮಂತ್ರಿಯ ಪರಿಹಾರದ ಚೆಕ್ಕು ಇಷ್ಟಕ್ಕೇ ವಾಪಸು ಬರಬೇಡಿ. ತೋಡುವ ಮೊದಲು ಮಣ್ಣು, ನೀರು ಪರೀಕ್ಷೆ ಮಾಡಿದ್ದರೇ? ಆ ವರದಿ ಎಲ್ಲಿದೆ, ಸಹಿ ಯಾರದು? ಅಂದಾಜು ಪಟ್ಟಿಯಲ್ಲಿ ಆಸರೆಗೆಂದು, ನೀರು ತೆಗೆಯಲೆಂದು ಎಷ್ಟು ಹಣ ಇಟ್ಟಿದ್ದರು, ಅದರಲ್ಲಿ ಖರ್ಚಾದದ್ದೆಷ್ಟು? ಒಳಗೆ ಇಳಿಯಬಹುದು ಎಂದು ಆ ದಿನ ಹೇಳಿದವರು ಯಾರು? ಈ ನಾಲ್ಕು ಪ್ರಶ್ನೆ ಕೇಳಿ. ಸರ್ಕಾರಿ ಕಾಮಗಾರಿಯಾದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಉತ್ತರ ಬರಲು ತಿಂಗಳಾದರೆ ತಿಂಗಳ ಮೇಲೆ ಬರೆಯಿರಿ. ಹೆಣ ಎತ್ತಿದ ದಿನದ ಸುದ್ದಿಗಿಂತ ಆ ಸುದ್ದಿಯೇ ದೊಡ್ಡದು.

ಸರ್ಕಾರಕ್ಕೂ ಒಂದು ಮಾತು. ತೋಡುವ ಮೊದಲೇ ಗುತ್ತಿಗೆದಾರನಿಂದ, ಗಣಿ ಮಾಲೀಕನಿಂದ ಸುರಕ್ಷತೆಯ ಠೇವಣಿ ಕಟ್ಟಿಸಿಕೊಳ್ಳಿ. ನೆಲ ಮತ್ತು ನೀರಿನ ವರದಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಜೀವ ಹೋದರೆ ಮುಟ್ಟುಗೋಲಾಗುವುದು ಆ ಠೇವಣಿಯಾಗಲಿ, ಪರಿಹಾರ ಜನರ ತೆರಿಗೆಯಿಂದ ಬೇಡ. ಸಸ್ಕ್ಯಾಚುವಾನ್‌ನ ಕಂಪನಿಗಳಿಗೆ ಬುದ್ಧಿ ಬಂದದ್ದು ಉಪದೇಶದಿಂದಲ್ಲ, ತಮ್ಮ ದುಡ್ಡು ಮುಳುಗಿದ್ದರಿಂದ. ಇಲ್ಲಿಯೂ ಬುದ್ಧಿ ಬರುವುದು ಅದೇ ದಾರಿಯಲ್ಲಿ.